ಬದುಕಿರುವವರ ಶ್ರಾದ್ಧ



ಕಳೆದ ಶಿವಾನುಭವಗೋಷ್ಠಿ ಮುಗಿದ ಮೇಲೆ, ನಮ್ಮ ಹಳೆಯ ವಿದ್ಯಾರ್ಥಿಗಳಲ್ಲೊಬ್ಬರಾದ ನಿವೃತ್ತ ಉಪಾಧ್ಯಾಯರು ಸಂಕೋಚದಿಂದಲೇ ಒಂದು ಪ್ರಶ್ನೆಯನ್ನು ಮುಂದಿಟ್ಟರು. "ಬುದ್ಧಿ, ಪ್ರಶಸ್ತಿ ಪಡೆದ ಕನ್ನಡ ಚಿತ್ರಗಳನ್ನು ನೋಡಿರೆಂದು ತಾವು ಪ್ರವಚನದಲ್ಲಿ ಅಪ್ಪಣೆ ಕೊಡಿಸಿದ್ದಿರಿ. ನೋಡಿದೆ. ಅವುಗಳಲ್ಲಿ ಹಾಡಿಲ್ಲ, ಕುಣಿತವಿಲ್ಲ. ಅದಿರಲಿ, ಕೊನೆಯೂ ಇಲ್ಲ. ಅನ್ಯಾಯ ನಡೆಯುತ್ತದೆ, ಅಲ್ಲಿಗೆ ಚಿತ್ರ ಮುಗಿಯುತ್ತದೆ. ತಪ್ಪು ಮಾಡಿದವನಿಗೆ ಶಿಕ್ಷೆಯಿಲ್ಲ, ನೊಂದವರಿಗೆ ಪರಿಹಾರವಿಲ್ಲ. ಧರ್ಮಕ್ಕೆ ಜಯವೆಂದು ನಂಬಿದ ನಾವು ಇಂಥದನ್ನು ಏಕೆ ನೋಡಬೇಕು?"

ಪ್ರಶ್ನೆ ಸಾಧುವಾದುದು. ಅಂದು ಹೊತ್ತಾಗಿತ್ತು, ಪ್ರಸಾದಕ್ಕೆ ಕರೆ ಬಂದಿತ್ತು. ಎರಡು ಮಾತಿನಲ್ಲಿ ಉತ್ತರಿಸಿ ಎದ್ದೆವು. ಆ ಉತ್ತರ ನಮಗೇ ಸಮಾಧಾನ ಕೊಡಲಿಲ್ಲ. ಆಲೋಚಿಸಿದಂತೆಲ್ಲ, ಇದು ಕೇವಲ ಸಿನಿಮಾಕ್ಕೆ ಸಂಬಂಧಿಸಿದ ಪ್ರಶ್ನೆಯಲ್ಲವೆಂದು ತೋರಿತು. ಅನ್ಯಾಯವನ್ನು ತಾನು ಮಾಡದೆ ಕೇವಲ ಕಣ್ಣಾರೆ ಕಂಡವನು ಅದಕ್ಕೆ ಎಷ್ಟರಮಟ್ಟಿಗೆ ಹೊಣೆ? ಪ್ರಶ್ನೆಯ ತಿರುಳು ಇದು. ಇದನ್ನು ಈ ಚಿತ್ರಗಳ ಮೂಲಕವೇ ವಿಚಾರಮಾಡುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ, ಸ್ವತಂತ್ರ ಚಿತ್ರವೆಂದರೇನು? ಅಲ್ಪ ಹಣದಲ್ಲಿ ತಯಾರಾದುದು, ಪರದೇಶದ ಉತ್ಸವಗಳಿಗೆ ಹೋದುದು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಇವು ಹೊರಗಿನ ಲಕ್ಷಣಗಳು, ಸ್ವರೂಪವಲ್ಲ. ಸತ್ಯಜಿತ್ ರಾಯ್ ಅವರು 'ಪಥೇರ್ ಪಾಂಚಾಲಿ'ಯನ್ನು ತೆಗೆಯುವಾಗ ಹಣ ಕೊಡುವವರಿಲ್ಲದೆ ಪತ್ನಿಯ ಒಡವೆಗಳನ್ನೂ ಒತ್ತೆಯಿಡಬೇಕಾಯಿತು. ಕಡೆಗೆ ಪಶ್ಚಿಮ ಬಂಗಾಳದ ಸರ್ಕಾರ ನೆರವಾದುದರಿಂದ ೧೯೫೫ರಲ್ಲಿ ಅದು ತೆರೆಕಂಡಿತು. ಸಿರಿವಂತರು ಹಿಂಜರಿದುದಕ್ಕೆ ಕಾರಣವಿತ್ತು. ಹಣ ಹೂಡುವವನು ಕಥೆಯ ಕೊನೆಯನ್ನು ಮೊದಲೇ ಕೇಳುತ್ತಾನೆ. ನೋಡಲು ಬಂದವನು ಹಗುರವಾದ ಮನಸ್ಸಿನಿಂದ ಮನೆಗೆ ಹೋಗಬೇಕು, ನಾಳೆ ಮತ್ತೆ ಬರಬೇಕು. ಈ ಕರಾರಿಗೆ ಒಪ್ಪದೆ, ಕಥೆಯ ಕೊನೆಯನ್ನು ಮಾರದೆ ಉಳಿಸಿಕೊಂಡ ಚಿತ್ರವೇ ನಿಜವಾಗಿ ಸ್ವತಂತ್ರವಾದುದು.

ಆದುದರಿಂದ ಉಪಾಧ್ಯಾಯರು ಗುರುತಿಸಿದ್ದು ಸರಿಯಾದ ಜಾಗವನ್ನೇ. ಈ ಚಿತ್ರಗಳ ವೈಶಿಷ್ಟ್ಯವಿರುವುದು ಅವುಗಳ ಕೊನೆಯಲ್ಲಿ. ಜನಪ್ರಿಯ ಚಿತ್ರದ ಕಥೆ ಚುಕ್ತವಾದ ಲೆಕ್ಕದ ಪುಸ್ತಕದಂತೆ. ಖಳನ ಪಾಪ, ನಾಯಕನ ಕಷ್ಟ, ತಾಯಿಯ ಕಣ್ಣೀರು ಎಲ್ಲವೂ ಒಂದು ಬದಿಯಲ್ಲಿ ಜಮೆಯಾಗುತ್ತವೆ. ಕೊನೆಯ ಅರ್ಧಗಂಟೆಯಲ್ಲಿ ಅವೆಲ್ಲ ತೀರುತ್ತವೆ. ನೋಡಿದವನ ಪಾಲಿಗೆ ಬಾಕಿ ಏನೂ ಉಳಿಯುವುದಿಲ್ಲ. ಸ್ವತಂತ್ರ ಚಿತ್ರವಾದರೋ ಆ ಬಾಕಿಯನ್ನು ತೀರಿಸದೆ ನೋಡಿದವನ ಹೆಸರಿಗೆ ಬರೆದಿಡುತ್ತದೆ.

ಇದು ನಮ್ಮ ಕಾವ್ಯಮೀಮಾಂಸೆಗೆ ವಿರುದ್ಧವಲ್ಲವೇ ಎಂದು ತಿಳಿದವರು ಕೇಳಬಹುದು. ರಂಗದ ಮೇಲಿನ ದುಃಖ ನೋಡುವವನ ಸ್ವಂತ ದುಃಖವಲ್ಲ, ಇತರರ ದುಃಖವೂ ಅಲ್ಲ. ಅದು ಸಾಧಾರಣೀಕರಣಗೊಂಡು ಕರುಣರಸವಾಗುತ್ತದೆ ಎಂಬುದು ಭಟ್ಟನಾಯಕ, ಅಭಿನವಗುಪ್ತರ ವಿವರಣೆ. ರಸಾಸ್ವಾದವು ಚಿತ್ತದ ವಿಶ್ರಾಂತಿಯೆಂದು ಅಭಿನವಗುಪ್ತನು ನಿರೂಪಿಸಿದನು. ದುರಂತನಾಟಕವು ಕರುಣೆ ಭಯಗಳನ್ನು ಕೆರಳಿಸಿಯೇ ಅವುಗಳನ್ನು ಶುದ್ಧಿಗೊಳಿಸುತ್ತದೆಂದು ಗ್ರೀಸಿನ ಅರಿಸ್ಟಾಟಲ್ ಹೇಳಿದನು. ಇಬ್ಬರ ಮತದಲ್ಲಿಯೂ ಪ್ರೇಕ್ಷಕನು ಕೊನೆಗೆ ನೆಮ್ಮದಿಯಿಂದ ಏಳುತ್ತಾನೆ. ಈ ಚಿತ್ರಗಳು ಆ ನೆಮ್ಮದಿಯನ್ನು ಕೊಡುವುದಿಲ್ಲ. ಇದು ದೋಷವೋ ಗುಣವೋ ಎಂಬುದನ್ನು ನಿರ್ಣಯಿಸುವ ಮೊದಲು ನಾಲ್ಕು ಕನ್ನಡ ಚಿತ್ರಗಳನ್ನು ನೋಡೋಣ.

೧೯೭೦ರ 'ಸಂಸ್ಕಾರ' ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿ ಪಟ್ಟಾಭಿರಾಮರೆಡ್ಡಿಯವರು ನಿರ್ದೇಶಿಸಿದ್ದು. ಅಗ್ರಹಾರದ ಆಚಾರವನ್ನು ಧಿಕ್ಕರಿಸಿ ಬದುಕಿದ ನಾರಣಪ್ಪ ಸತ್ತಿದ್ದಾನೆ. ಅವನ ದಹನ ಮಾಡಬೇಕಾದವರಾರು? ಪ್ರಶ್ನೆ ಇತ್ಯರ್ಥವಾಗದೆ ಹೆಣ ಮನೆಯಲ್ಲಿಯೇ ಕೊಳೆಯುತ್ತದೆ. ಸೆನ್ಸಾರ್ ಮಂಡಳಿ ಮೊದಲು ಈ ಚಿತ್ರಕ್ಕೆ ಅನುಮತಿಯನ್ನೇ ನಿರಾಕರಿಸಿತು. ಅನುಮತಿ ದೊರೆತ ಮೇಲೆ ಅದಕ್ಕೇ ರಾಷ್ಟ್ರದ ಸ್ವರ್ಣಕಮಲ ಸಂದಿತು. ಸತ್ತವನಿಗೆ ಸಂಸ್ಕಾರವಿಲ್ಲವೆಂಬ ಕಥೆಯಿಂದ ಕನ್ನಡದ ಹೊಸ ಚಿತ್ರಪರಂಪರೆ ಆರಂಭವಾಯಿತೆಂಬುದನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಏಕೆಂದರೆ ಮುಂದಿನ ಮೂರು ಚಿತ್ರಗಳಲ್ಲಿ ಇದು ತಲೆಕೆಳಗಾಗುತ್ತದೆ.

೧೯೭೭ರ 'ಘಟಶ್ರಾದ್ಧ' ಗಿರೀಶ ಕಾಸರವಳ್ಳಿಯವರ ಮೊದಲ ಚಿತ್ರ. ಇದಕ್ಕೂ ಮೂಲ ಅನಂತಮೂರ್ತಿಯವರ ಕಥೆಯೇ. ಮಲೆನಾಡಿನ ಅಗ್ರಹಾರವೊಂದರಲ್ಲಿ ಉಡುಪರು ತಮ್ಮ ಮನೆಯಲ್ಲಿಯೇ ವೇದಪಾಠಶಾಲೆ ನಡೆಸುತ್ತಾರೆ. ಅಲ್ಲಿಗೆ ನಾಣಿಯೆಂಬ ಚಿಕ್ಕ ಬಾಲಕ ಓದಲು ಬರುತ್ತಾನೆ. ತಾಯಿಯ ನೆನಪಿನಿಂದ ಅಳುವ ಅವನಿಗೆ ಆಸರೆಯಾಗುವವಳು ಉಡುಪರ ಮಗಳು, ಬಾಲವಿಧವೆ ಯಮುನಾ. ಅವಳು ಊರಿನ ಶಾಲಾಮಾಸ್ತರನಿಂದ ಗರ್ಭಿಣಿಯಾಗಿದ್ದಾಳೆ. ಊರು ಪಿಸುಗುಟ್ಟುತ್ತದೆ, ಮಾಸ್ತರ ಜಾರಿಕೊಳ್ಳುತ್ತಾನೆ, ಕೊನೆಗೆ ತಂದೆಯೇ ಮಗಳ ಘಟಶ್ರಾದ್ಧ ಮಾಡುತ್ತಾನೆ. ಅಂದರೆ ಮಡಕೆಯೊಡೆದು, ಬದುಕಿರುವ ಮಗಳನ್ನು ಸತ್ತಳೆಂದು ಸಾರುತ್ತಾನೆ.

ಈ ಕಥೆಯನ್ನು ಹೇಳಿದ ರೀತಿಯನ್ನು ಗಮನಿಸಬೇಕು. ನಿರ್ದೇಶಕರು ಇದನ್ನು ಯಮುನೆಯ ಕಣ್ಣಿನಿಂದ ಹೇಳಲಿಲ್ಲ. ಹಾಗೆ ಹೇಳಿದ್ದರೆ ನಾವು ಅವಳೊಡನೆ ಅತ್ತು ಹಗುರಾಗುತ್ತಿದ್ದೆವು. ಉಡುಪರನ್ನು ಕ್ರೂರಿಯಾಗಿಯೂ ತೋರಿಸಲಿಲ್ಲ. ತೋರಿಸಿದ್ದರೆ ಅವರನ್ನು ಬೈದು ಹಗುರಾಗುತ್ತಿದ್ದೆವು. ಎಲ್ಲವೂ ನಾಣಿಯ ಕಣ್ಣಿಗೆ ಕಂಡಷ್ಟೇ ನಮಗೆ ಕಾಣುತ್ತದೆ. ಅವನಿಗೆ ಅರ್ಧ ಅರ್ಥವಾಗುತ್ತದೆ, ಅರ್ಧ ಅರ್ಥವಾಗುವುದಿಲ್ಲ. ಕತ್ತಲಲ್ಲಿ ಅವಳ ಹಿಂದೆ ಹೆಜ್ಜೆಹಾಕುತ್ತಾನೆ, ಅವಳ ಗುಟ್ಟನ್ನು ಕಾಯುತ್ತಾನೆ, ಆದರೆ ಅವಳನ್ನು ಉಳಿಸಲಾರ. ಕೊನೆಯಲ್ಲಿ ತಂದೆಯೊಡನೆ ಊರಿಗೆ ಹಿಂದಿರುಗುವಾಗ, ತಲೆ ಬೋಳಿಸಿಕೊಂಡು ಮರದ ಕೆಳಗೆ ಒಬ್ಬಳೇ ಕುಳಿತ ಯಮುನೆಯನ್ನು ಕಾಣುತ್ತಾನೆ. ಅವಳ ಶ್ರಾದ್ಧವಾಗಿದೆ, ಅವಳಿನ್ನೂ ಉಸಿರಾಡುತ್ತಿದ್ದಾಳೆ. ಇವೆರಡನ್ನೂ ಕಂಡ ಬಾಲಕನನ್ನು ದಾರಿಯಲ್ಲಿ ಬಿಟ್ಟು ಚಿತ್ರ ಮುಗಿಯುತ್ತದೆ.

ಅದೇ ನಿರ್ದೇಶಕರ ೧೯೮೬ರ 'ತಬರನ ಕಥೆ' ಪೂರ್ಣಚಂದ್ರ ತೇಜಸ್ವಿಯವರ ಕಥೆಯಿಂದ ರೂಪುಗೊಂಡಿತು. ತಬರಶೆಟ್ಟಿ ಪುರಸಭೆಯ ಬಡನೌಕರ. ನಿವೃತ್ತನಾದ ಮೇಲೆ ತನಗೆ ಬರಬೇಕಾದ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಹೆಂಡತಿಗೆ ಸಕ್ಕರೆಕಾಯಿಲೆ, ಕಾಲಿನ ಗಾಯ ಕೊಳೆಯುತ್ತಿದೆ, ಚಿಕಿತ್ಸೆಗೆ ಹಣವಿಲ್ಲ. ಕಾಲನ್ನು ಕತ್ತರಿಸಿಕೊಡೆಂದು ಆತ ಕಟುಕನನ್ನು ಬೇಡುವ ದೃಶ್ಯವನ್ನು ಕಂಡವರು ಮರೆಯಲಾರರು. ಇಲ್ಲಿ ಖಳನೆಂಬುವನೇ ಇಲ್ಲ. ಒಬ್ಬ ಗುಮಾಸ್ತ ಮತ್ತೊಂದು ಕಾಗದ ಕೇಳುತ್ತಾನೆ, ಮತ್ತೊಬ್ಬ ನಾಳೆ ಬಾ ಎನ್ನುತ್ತಾನೆ, ಇನ್ನೊಬ್ಬ ನಿಯಮವನ್ನು ಓದಿಹೇಳುತ್ತಾನೆ. ಮನುಷ್ಯನು ಕಣ್ಣೆದುರಿಗೆ ನಿಂತಿದ್ದರೂ ಕಡತದಲ್ಲಿ ಅವನಿಲ್ಲ. ಅಗ್ರಹಾರದಲ್ಲಿ ಮಡಕೆಯೊಡೆದು ಮಾಡಿದ್ದನ್ನು ಕಚೇರಿಯಲ್ಲಿ ಮೊಹರು ಒತ್ತದೆಯೇ ಮಾಡುತ್ತಾರೆ.

ಇನ್ನು ಇತ್ತೀಚಿನ 'ತಿಥಿ'. ರಾಮ್ ರೆಡ್ಡಿಯವರು ನಿರ್ದೇಶಿಸಿ, ಈರೇಗೌಡರು ಕಥೆ ಬರೆದ ಈ ಚಿತ್ರ ಮಂಡ್ಯ ಸೀಮೆಯ ನೊದೆಕೊಪ್ಪಲಿನಲ್ಲಿ, ಆ ಭಾಗದ ಹಳ್ಳಿಯ ಜನರನ್ನೇ ಪಾತ್ರಗಳಾಗಿಸಿ ತಯಾರಾಯಿತು. ೨೦೧೫ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಎರಡು ಪ್ರಶಸ್ತಿಗಳನ್ನು ಗಳಿಸಿತು. ೧೦೧ ವರ್ಷದ ಸೆಂಚುರಿಗೌಡ ತೀರಿಕೊಂಡಿದ್ದಾನೆ. ಹನ್ನೊಂದನೆಯ ದಿನದ ತಿಥಿಗೆ ಊರೆಲ್ಲ ಸಿದ್ಧವಾಗುತ್ತಿದೆ. ಅವನ ಮಗ ಗಡ್ಡಪ್ಪ ಆಸ್ತಿಯ ಗೊಡವೆಯಿಲ್ಲದೆ ಅಲೆಯುವವನು. ಮೊಮ್ಮಗ ತಮ್ಮಣ್ಣನಿಗೆ ಅಜ್ಜನ ಜಮೀನು ಮಾರುವ ಆತುರ. ದಾರಿಗೆ ಅಡ್ಡವಾದ ತಂದೆಯನ್ನು ಊರಿನಿಂದ ದೂರ ಕಳುಹಿಸಿ, ಆತ ಸತ್ತನೆಂದು ಕಾಗದ ಹುಟ್ಟಿಸುತ್ತಾನೆ. ಚಿತ್ರ ನಗಿಸುತ್ತದೆ, ನಾವೂ ಮನಸಾರೆ ನಕ್ಕೆವು. ಆದರೆ ನಗುತ್ತಿರುವಾಗಲೇ ತಿಳಿಯಿತು: ಒಂದೇ ಮನೆಯಲ್ಲಿ ಸತ್ತ ಅಜ್ಜನಿಗೆ ಸಕ್ರಮವಾದ ತಿಥಿ, ಬದುಕಿರುವ ತಂದೆಗೆ ಸುಳ್ಳು ಮರಣಪತ್ರ!

ವಾಚಕರೇ, ಈ ಮೂರನ್ನೂ ಒಂದರ ಪಕ್ಕದಲ್ಲೊಂದು ಇಟ್ಟು ನೋಡಿರಿ. ಮೊದಲನೆಯದರಲ್ಲಿ ಸಮಾಜ, ಎರಡನೆಯದರಲ್ಲಿ ಸರ್ಕಾರ, ಮೂರನೆಯದರಲ್ಲಿ ಕುಟುಂಬ ಬದುಕಿರುವವರನ್ನು ಸತ್ತವರ ಪಟ್ಟಿಗೆ ಸೇರಿಸುತ್ತದೆ. ಕೊಲೆ ನಡೆಯುವುದಿಲ್ಲ, ರಕ್ತ ಹರಿಯುವುದಿಲ್ಲ. ಒಂದು ಹೆಸರನ್ನು ಹೊಡೆದುಹಾಕುತ್ತಾರೆ, ಅಷ್ಟೆ. ಇದನ್ನು ಮಾಡಲು ದುಷ್ಟರು ಬೇಕಿಲ್ಲ. ಕಂಡೂ ಸುಮ್ಮನಿರುವ ಒಳ್ಳೆಯ ಜನ ಸಾಕು. ಈ ಚಿತ್ರಗಳಿಗೆ ಮುಕ್ತಾಯವಿಲ್ಲದಿರುವುದಕ್ಕೆ ಕಾರಣವೂ ಇದೇ. ಖಳನಿದ್ದರೆ ಅವನನ್ನು ದಂಡಿಸಿ ಕಥೆ ಮುಗಿಸಬಹುದು. ಸುಮ್ಮನಿದ್ದವರೆಲ್ಲ ಸೇರಿ ಮಾಡಿದ ಪಾಪವನ್ನು ಯಾರ ತಲೆಗೆ ಕಟ್ಟಿ ಮುಗಿಸುವುದು?

ಇಲ್ಲಿ 'ಸಾಕ್ಷಿ' ಎಂಬ ಪದವನ್ನು ವಿಚಾರಿಸಬೇಕು. ವೇದಾಂತದಲ್ಲಿ ಸಾಕ್ಷಿಯೆಂದರೆ ಎಲ್ಲವನ್ನೂ ಬೆಳಗುತ್ತ ಯಾವುದಕ್ಕೂ ಅಂಟಿಕೊಳ್ಳದ ಚೈತನ್ಯ. ನ್ಯಾಯಾಲಯದಲ್ಲಿ ಸಾಕ್ಷಿಯೆಂದರೆ ಕಂಡದ್ದನ್ನು ಕಂಡಂತೆ ನುಡಿಯಬೇಕಾದವನು. ನುಡಿಯದಿದ್ದರೆ ಅವನೂ ತಪ್ಪಿತಸ್ಥ. ಒಂದೇ ಪದ, ಎರಡು ದಾರಿ. ಮೊದಲನೆಯ ಸಾಕ್ಷಿತ್ವ ಸಾಧಕನಿಗೆ ತನ್ನ ಸುಖದುಃಖಗಳ ವಿಷಯದಲ್ಲಿ ಸಲ್ಲುವಂಥದು. ನನ್ನ ಹಸಿವನ್ನು, ನನಗಾದ ಅಪಮಾನವನ್ನು ನಾನು ಸಾಕ್ಷಿಯಾಗಿ ನೋಡಬಹುದು. ನೆರೆಯವನ ಹಸಿವನ್ನು ಹಾಗೆ ನೋಡುವುದು ಯೋಗವಲ್ಲ, ಅದು ಹೇಡಿತನ. ನಮ್ಮಲ್ಲಿ ಅನೇಕರು ಎರಡನೆಯ ಸಾಕ್ಷಿಯ ಕರ್ತವ್ಯದಿಂದ ತಪ್ಪಿಸಿಕೊಳ್ಳಲು ಮೊದಲನೆಯ ಸಾಕ್ಷಿಯ ವೇಷ ಹಾಕುತ್ತೇವೆ. ಅರಿವು ಆಚಾರವಾಗದಿದ್ದರೆ ಅದು ಅರಿವೇ ಅಲ್ಲವೆಂಬುದು ಶರಣರ ನಿಲುವು. ಕಂಡದ್ದು ನಡೆಯಲ್ಲಿ ಕಾಣದಿದ್ದರೆ ಕಂಡದ್ದೂ ಕಾಣದಂತೆಯೇ.

ಇದನ್ನು ಪುಸ್ತಕದಿಂದ ಓದಿ ಬರೆಯುತ್ತಿಲ್ಲ. ಮುಂದಿನ ಸಂಗತಿಯನ್ನು ಹೇಳುವಾಗ 'ನಾವು' ಎಂಬ ಪೀಠದ ಬಹುವಚನವನ್ನು ಬಿಡಬೇಕಾಗಿದೆ. ತಪ್ಪು ನನ್ನೊಬ್ಬನದು.

ಆಗ ನನಗೆ ಹನ್ನೊಂದು ವರ್ಷ. ಒಂದು ಊರಿನ ಉಚಿತ ವಿದ್ಯಾರ್ಥಿನಿಲಯದಲ್ಲಿದ್ದು ಓದುತ್ತಿದ್ದೆ. ಒಂದು ದಿನ ಪೂಜೆಯ ಹಿತ್ತಾಳೆಯ ಗಂಟೆ ಕಾಣೆಯಾಯಿತು. ನಸುಕಿನಲ್ಲಿ ಬಾವಿಗೆ ಹೋಗುವಾಗ, ದೊಡ್ಡ ಹುಡುಗನೊಬ್ಬ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋದುದನ್ನು ನಾನು ನೋಡಿದ್ದೆ. ಉಳಿದವರ ಹೊಡೆತದಿಂದ ನನ್ನನ್ನು ಕಾಪಾಡುತ್ತಿದ್ದವನು ಅವನೇ. ಅನುಮಾನ ಬಂದುದು ಮಾತ್ರ ನನ್ನ ಪಕ್ಕದಲ್ಲಿ ಮಲಗುತ್ತಿದ್ದ ಬಡವರ ಮನೆಯ ಹುಡುಗನ ಮೇಲೆ. ವಿಚಾರಣೆಯ ಹೊತ್ತಿನಲ್ಲಿ ಅವನು ಒಮ್ಮೆ ನನ್ನ ಮುಖ ನೋಡಿದ. ನನಗೆ ಗೊತ್ತಿದೆಯೆಂದು ಅವನಿಗೆ ತಿಳಿದಿರಲಿಲ್ಲ. ಗೆಳೆಯನೆಂದು ನೋಡಿದ, ಅಷ್ಟೆ. ನಾನು ತಲೆ ತಗ್ಗಿಸಿದೆ. ಮರುದಿನ ಅವನ ತಾಯಿ ಬಂದು ಕರೆದುಕೊಂಡು ಹೋದಳು. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಕೆಂಪು ಗೆರೆ ಬಿತ್ತು. ಅವನ ಊಟದ ತಟ್ಟೆಯ ಹಿಂಬದಿಯಲ್ಲಿ ಮೊಳೆಯಿಂದ ಕೊರೆದ ಹೆಸರಿತ್ತು. ಹೊಸದಾಗಿ ಬಂದ ಹುಡುಗ ಅದನ್ನು ಕೆರೆದು ತನ್ನ ಹೆಸರನ್ನು ಬರೆದುಕೊಂಡ. ಆಮೇಲೆ ಯಾರೂ ಅವನ ಮಾತೆತ್ತಲಿಲ್ಲ.

ಹನ್ನೊಂದು ವರ್ಷಗಳ ಬಳಿಕ, ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದಾಗ, ಗೆಳೆಯರ ಒತ್ತಾಯದಿಂದ 'ಘಟಶ್ರಾದ್ಧ'ದ ಪ್ರದರ್ಶನಕ್ಕೆ ಹೋದೆ. ಕೊನೆಯ ದೃಶ್ಯದಲ್ಲಿ ನನ್ನ ಕಣ್ಣು ಯಮುನೆಯ ಮೇಲೆ ನಿಲ್ಲಲಿಲ್ಲ. ನಾಣಿಯನ್ನು ನೋಡಿದೆ. ಅವನಾದರೋ ಏನೂ ಮಾಡಲಾಗದ ಕೂಸು. ನನ್ನ ಕೈಯಲ್ಲಿ ಒಂದು ಮಾತಿತ್ತು, ಆಡಲಿಲ್ಲ. ಚಿತ್ರದಲ್ಲಿ ಯಾರಾದರೂ ಬಂದು ಆ ಹೆಣ್ಣುಮಗಳನ್ನು ಕೈಹಿಡಿದು ಕರೆದೊಯ್ದಿದ್ದರೆ, ನಾನೂ ಸಮಾಧಾನದಿಂದ ಕೋಣೆಗೆ ಹೋಗಿ ಮಲಗುತ್ತಿದ್ದೆ. ಯಾರೂ ಬರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ.

ಮುಂದಿನ ಭಾನುವಾರ ಆ ಹುಡುಗನ ಹಳ್ಳಿಯನ್ನು ಹುಡುಕಿಕೊಂಡು ಹೋದೆ. ಓದು ಅಲ್ಲಿಗೇ ನಿಂತು, ಅವನು ಬೆಂಗಳೂರಿನ ಲಾರಿ ಗ್ಯಾರೇಜೊಂದರಲ್ಲಿ ಕೆಲಸಕ್ಕಿದ್ದ. ತಾಯಿ ಮನೆಯಲ್ಲಿದ್ದಳು. ನಾನಾಗಲೇ ಕಾವಿ ಧರಿಸಿದ್ದುದರಿಂದ, ಕಾಲಿಗೆ ನೀರು ಕೊಟ್ಟು ಚಾಪೆ ಹಾಸಿದಳು. ಕೂರದೆ, ನಿಂತೇ ಎಲ್ಲವನ್ನೂ ಹೇಳಿದೆ. ಆಕೆ ಬಹಳ ಹೊತ್ತು ಸುಮ್ಮನಿದ್ದು ಹೇಳಿದಳು: "ನನ್ನ ಮಗ ಕದ್ದಿಲ್ಲ ಅನ್ನೋದು ನನಗೆ ಅವತ್ತೇ ಗೊತ್ತಿತ್ತು ಬುದ್ಧಿ. ಗೊತ್ತಿದ್ದವರು ಇನ್ನೊಬ್ಬರಿದ್ದರು ಅನ್ನೋದು ಗೊತ್ತಿರಲಿಲ್ಲ."

ಆಕೆ ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಅಲ್ಲಿಂದ ವಿದ್ಯಾರ್ಥಿನಿಲಯಕ್ಕೆ ಹೋಗಿ ಹಳೆಯ ಹಾಜರಿ ಪುಸ್ತಕವನ್ನು ಕೇಳಿದೆ; ಗೆದ್ದಲು ತಿಂದಿತೆಂದರು. ಗೆಳೆಯನಿಗೆ ಎರಡು ಪತ್ರ ಬರೆದೆ, ಉತ್ತರ ಬರಲಿಲ್ಲ. ಬರಬೇಕೆಂದು ಕೇಳುವ ಹಕ್ಕು ನನಗಿಲ್ಲ.

ಇಷ್ಟು ಹೇಳಿದ ಮೇಲೆ ಉಪಾಧ್ಯಾಯರ ಪ್ರಶ್ನೆಗೆ ಹಿಂದಿರುಗೋಣ. ಈ ಚಿತ್ರಗಳು ವಿಶ್ರಾಂತಿ ಕೊಡದಿರುವುದು ದೋಷವಲ್ಲ. ರಸದ ವಿಶ್ರಾಂತಿಯನ್ನು ಅವು ನಿರಾಕರಿಸುವುದಿಲ್ಲ, ಚಿತ್ರಮಂದಿರದ ಹೊರಗಿನ ಬದುಕಿಗೆ ಮುಂದೂಡುತ್ತವೆ. ಧರ್ಮಕ್ಕೆ ಜಯವೆಂಬುದು ಕುರ್ಚಿಯಲ್ಲಿ ಕುಳಿತು ನೋಡುವ ಸಂಗತಿಯಲ್ಲ, ಎದ್ದು ನಡೆಸಬೇಕಾದ ಸಂಗತಿ ಎಂಬುದನ್ನು ಅವುಗಳ ಮುಗಿಯದ ಕೊನೆ ನೆನಪಿಸುತ್ತದೆ.

ಆದರೂ ಮೂರು ಆಕ್ಷೇಪಗಳಿಗೆ ಸಮಾಧಾನ ಹೇಳಬೇಕು. ಇಂಥ ಚಿತ್ರಗಳಿಂದ ಧರ್ಮಶ್ರದ್ಧೆ ಕುಗ್ಗುತ್ತದೆ ಎಂಬುದು ಮೊದಲನೆಯದು. ಒಂದು ಚಿತ್ರದಿಂದ ಕುಗ್ಗುವ ಶ್ರದ್ಧೆ ಬೇರುಬಿಟ್ಟ ಶ್ರದ್ಧೆಯಲ್ಲ. ಇದು ಅಗ್ರಹಾರದ ಕಥೆ, ನಮಗೇಕೆ ಎಂದು ನಿಶ್ಚಿಂತರಾಗುವಂತೆಯೂ ಇಲ್ಲ. ಜಾತಿಭೇದವನ್ನು ಅಲ್ಲಗಳೆದ ಶರಣರ ಭಾವಚಿತ್ರಕ್ಕೆ ನಿತ್ಯ ಹೂವೇರಿಸುವ ಮನೆಗಳಲ್ಲಿಯೇ, ಅನ್ಯಜಾತಿಯವನ ಕೈಹಿಡಿದ ಮಗಳ ಹೆಸರನ್ನು ತಮ್ಮನ ಲಗ್ನಪತ್ರಿಕೆಯಿಂದ ಬಿಟ್ಟುದನ್ನು ನಾವು ಕಂಡಿದ್ದೇವೆ. ಆ ಪತ್ರಿಕೆ ಆಶೀರ್ವಾದಕ್ಕೆಂದು ಮಠಕ್ಕೆ ಬಂದಾಗ ಏನನ್ನೂ ಕೇಳದೆ ಅಕ್ಷತೆ ಹಾಕಿದ್ದೂ ಉಂಟು. ಮಡಕೆ ಒಡೆಯಲಿಲ್ಲವೆಂಬುದೊಂದೇ ವ್ಯತ್ಯಾಸ.

ಉತ್ಸವಗಳಲ್ಲಿ ಅನುಕೂಲಸ್ಥರು ಬಡವರ ಸಂಕಟವನ್ನು ನೋಡಿ ಚಪ್ಪಾಳೆ ತಟ್ಟಿ ಹೋಗುತ್ತಾರೆ, ಇದೂ ಒಂದು ಭೋಗವಲ್ಲವೇ ಎಂಬುದು ಎರಡನೆಯದು. ಈ ಮಾತಿನಲ್ಲಿ ಸತ್ಯಾಂಶವಿದೆ. ಚಿತ್ರವು ಋಣವನ್ನು ತೋರಿಸಬಲ್ಲುದು, ತೀರಿಸಲಾರದು. ನೋಡಿ ಮರುಗಿದ್ದನ್ನೇ ಧರ್ಮವೆಂದು ಭಾವಿಸಿದವನಿಗೆ ಒಳ್ಳೆಯ ಚಿತ್ರವೂ ಮಾದಕವಸ್ತುವೇ. ಮೂರನೆಯದಾಗಿ, ನಿಧಾನವಾಗಿ ಸಾಗುವ ಚಿತ್ರವೆಲ್ಲ ಗಂಭೀರವೆಂದು ಭ್ರಮಿಸಬೇಕಿಲ್ಲ. ದುಃಖವನ್ನು ಪ್ರಶಸ್ತಿಗಾಗಿ ಪ್ರದರ್ಶನಕ್ಕಿಟ್ಟ ಚಿತ್ರಗಳೂ ಉಂಟು. ನೋಡಿ ಎದ್ದಾಗ ನಿರ್ದೇಶಕನ ಜಾಣ್ಮೆ ನೆನಪಾಗುವುದೋ, ನಾವು ಕೈಬಿಟ್ಟ ಒಬ್ಬ ಮನುಷ್ಯನ ಮುಖ ನೆನಪಾಗುವುದೋ, ಅದರಿಂದ ತಿಳಿಯಬಹುದು.

'ಘಟಶ್ರಾದ್ಧ'ದ ಪ್ರತಿಯನ್ನು ಇತ್ತೀಚೆಗೆ ಜೀರ್ಣೋದ್ಧಾರಗೊಳಿಸಿ ೨೦೨೪ರಲ್ಲಿ ಇಟಲಿಯ ವೆನಿಸ್ ಉತ್ಸವದಲ್ಲಿ ತೋರಿಸಿದರು. ನಲವತ್ತೇಳು ವರ್ಷಗಳಲ್ಲಿ ಮಾಸಿದ ಚಿತ್ರಗಳನ್ನು ಒಂದೊಂದಾಗಿ ತಿದ್ದಿ ಉಳಿಸುವವರ ತಾಳ್ಮೆ ದೊಡ್ಡದು. ಹೊಡೆದುಹಾಕಿದ ಹೆಸರುಗಳ ವಿಷಯದಲ್ಲಿ ಅಷ್ಟು ತಾಳ್ಮೆ ನಮಗೆ ಬಂದೀತೇ?

ಹಳೆಯ ವಿದ್ಯಾರ್ಥಿಗಳಲ್ಲಿ ನಮ್ಮದೊಂದು ಅರಿಕೆ. ನೀವು ಓದಿದ ಕಾಲದಲ್ಲಿ ನಮ್ಮ ವಿದ್ಯಾರ್ಥಿನಿಲಯದಿಂದ ತಪ್ಪಿಲ್ಲದೆ ಹೊರಹೋದವರನ್ನು ಬಲ್ಲಿರಾದರೆ, ಮಠಕ್ಕೆ ಬರೆಯಿರಿ; ಅವರ ಮನೆಗೆ ನಾವು ಹೋಗುತ್ತೇವೆ. ಇನ್ನು ಲಗ್ನಪತ್ರಿಕೆ ತರುವ ಭಕ್ತರಿಗೆ ಮೊದಲೇ ತಿಳಿಸಿರುತ್ತೇವೆ: ಮನೆಯವರೆಲ್ಲರ ಹೆಸರೂ ಅದರಲ್ಲಿದೆಯೇ ಎಂದು ಕೇಳಿಯೇ ಇನ್ನು ಮೇಲೆ ಅಕ್ಷತೆ ಹಾಕುವುದು.